ಆಂಟಿ ಮಾಡಿದ ಸ್ನಾನದ ಪುಡಿ

೧೯೮೮ನೇ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ಆಗ ಏಳನೇ ಕ್ಲಾಸು. ದಸರಾ ರಜೆ ಮುಗಿದ ಮೇಲೆ ನಮ್ಮ ಬೀದಿಯ ಮಕ್ಕಳೆಲ್ಲ ಶಾಲೆಯ ಕಡೆ ಹೊರಟರು, ನಾನು ಊದುಬತ್ತಿ ಕಾರ್ಖಾನೆಯ ಕಡೆ ಹೊರಟೆ. ಯಾರೂ ಬಲವಂತ ಮಾಡಿ ಕಳಿಸಲಿಲ್ಲ. ಹಿಂದಿನ ದಿನ ಅಪ್ಪ ಒಂದೇ ಸಲ ಕೇಳಿದ್ದರು, ‘ಆಗುತ್ತೇನೋ ನಿನ್ ಕೈಲಿ?’ ಅಂತ. ‘ಆಗುತ್ತೆ’ ಅಂದಿದ್ದೆ. ಅಷ್ಟಕ್ಕೆ ಮುಗಿಯಿತು. ಅಲ್ಲಿಂದ ಇಲ್ಲಿಯವರೆಗೆ ಯಾರ ಮನೆಯ ಬಾಗಿಲಿಗೂ ಕೈಯೊಡ್ಡಿ ಹೋದವನಲ್ಲ ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾರ್ಖಾನೆ ಅಂದರೆ ಬನಶಂಕರಿಯ ಕಡೆ ಸಿಮೆಂಟ್ ಶೀಟು ಹೊದಿಸಿದ ಒಂದು ಉದ್ದನೆಯ ಮನೆ. ಹೆಂಗಸರು ಸಾಲಾಗಿ ಕೂತು ಮಣೆಯ ಮೇಲೆ ಬತ್ತಿ ಹೊಸೆಯುತ್ತಿದ್ದರು. ನನಗೆ ಕೊಟ್ಟ ಕೆಲಸ ಇದ್ದಿಲ ಪುಡಿಯನ್ನು ಜರಡಿ ಹಿಡಿಯುವುದು. ಸಾಯಂಕಾಲದ ಹೊತ್ತಿಗೆ ಹಲ್ಲು ಬಿಟ್ಟರೆ ಮಾತ್ರ ಇವನು ಅಂತ ಗುರುತು ಸಿಗುತ್ತಿತ್ತು. ಆಮೇಲೆ ಪುಡಿ ಕಲಸುವ ಕೋಣೆಗೆ ಹಾಕಿದರು. ಲಾವಂಚ, ಕಚೋರ, ದೇವದಾರು, ಗಂಧದ ಚೂರು, ಒಣಗಿದ ದವನ. ಯಾವುದು ಯಾವುದರ ಜೊತೆ ಹೊಂದುತ್ತದೆ, ಯಾವುದು ಪಕ್ಕದ್ದನ್ನು ತಿಂದುಹಾಕುತ್ತದೆ ಎನ್ನುವುದನ್ನು ಅಲ್ಲಿ ಬೈಸಿಕೊಂಡು ಕಲಿತೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಕೋಣೆಯಲ್ಲಿದ್ದೆ. ಕೊನೆಕೊನೆಗೆ ಮಾಲೀಕರು ಹೊಸ ಬತ್ತಿಗೆ ಹೆಸರಿಡುವ ಮುಂಚೆ ನನ್ನನ್ನು ಕರೆದು ಮೂಸಿಸುತ್ತಿದ್ದರು.

ಮದುವೆಯಾದ ಮೇಲೆ ಸುದ್ದಗುಂಟೆಪಾಳ್ಯದಲ್ಲಿ ಎರಡನೇ ಮಹಡಿಯ ಮೇಲೆ ಮನೆ ಹಿಡಿದೆ. ಒಂದು ಹಾಲು, ಒಂದು ಅಡುಗೆಮನೆ, ಬಾಗಿಲು ತೆಗೆದರೆ ತಾರಸಿ. ಈಗಲೂ ಅದೇ ಮನೆ. ನನ್ನ ಹೆಂಡತಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಶರಟಿಗೆ ಕಾಲರ್ ಹೊಲಿಯುತ್ತಿದ್ದಳು. ಅವಳಿಗೆ ಅರೆತಲೆನೋವು ಇತ್ತು. ಘಮಘಮ ಅನ್ನುವುದು ಯಾವುದೇ ಇರಲಿ, ಮೂಗಿಗೆ ಬಿದ್ದರೆ ಸಾಕು, ಎಡಗಣ್ಣಿನ ಮೇಲೆ ಕೈ ಒತ್ತಿಕೊಂಡು ಮಲಗಿಬಿಡುತ್ತಿದ್ದಳು. ಊದುಬತ್ತಿಯವನನ್ನು ಕಟ್ಟಿಕೊಂಡಿದ್ದು ಅವಳ ಗ್ರಹಚಾರ. ಹಾಗಂತ ಅವಳೇ ಅನ್ನುತ್ತಿದ್ದಳು.

‘ರೀ, ಅಲ್ಲೇ ನಿಂತ್ಕೊಳ್ಳಿ’ ಎಂದು ಒಳಗಿನಿಂದಲೇ ಕೂಗುತ್ತಿದ್ದಳು, ಮೆಟ್ಟಿಲ ಮೇಲೆ ನನ್ನ ಚಪ್ಪಲಿ ಸದ್ದಾಗುವಾಗ. ‘ಬಕೆಟ್ ಇಟ್ಟಿದೀನಿ. ಸ್ನಾನ ಮಾಡ್ದೆ ಒಳಗೆ ಕಾಲಿಟ್ರೆ ನಾನು ಎದ್ದು ಹೊರಗೆ ಹೋಗ್ತೀನಿ, ಗೊತ್ತಲ್ಲ.’

‘ಚಳಿ ಕಣೇ. ಡಿಸೆಂಬರ್ ಇದು.’

‘ನಂಗೇನ್ ಗೊತ್ತಿಲ್ವಾ? ಬಿಸಿನೀರೇ ಇಟ್ಟಿರೋದು. ನಿಮ್ಮನ್ನ ಕಟ್ಕೊಂಡು ನಾನು ಗೋಡೆ ಮೇಲಿನ ದೇವರ ಫೋಟೋ ಆಗೋದೆ. ಹೊತ್ತುಹೊತ್ತಿಗೆ ಹೊಗೆ.’

ತಾರಸಿಯ ಮೂಲೆಯಲ್ಲಿ ಪಂಚೆ ಸುತ್ತಿಕೊಂಡು ಬರೀ ಕಡಲೆಹಿಟ್ಟಿನಲ್ಲಿ ಮೈ ಉಜ್ಜಿ ಸ್ನಾನ ಮಾಡಿ, ಅವಳು ಬಾಗಿಲ ಸಂದಿಯಿಂದ ಚಾಚಿದ ಬಟ್ಟೆ ಉಟ್ಟು ಒಳಗೆ ಹೋಗುತ್ತಿದ್ದೆ. ಒಳಗೆ ದೇವರ ಮುಂದೆ ದೀಪ ಮಾತ್ರ. ಊರಿಗೆಲ್ಲ ಬತ್ತಿ ಮಾಡಿ ಕಳಿಸುವವನ ಮನೆಯಲ್ಲಿ ಒಂದು ಬತ್ತಿ ಹಚ್ಚಿದ್ದಿಲ್ಲ. ನೆಂಟರು ನಗುತ್ತಿದ್ದರು. ನನಗೇನೂ ಅನ್ನಿಸುತ್ತಿರಲಿಲ್ಲ. ದಿನವಿಡೀ ಘಮದಲ್ಲಿ ಇದ್ದವನಿಗೆ ವಾಸನೆಯೇ ಇಲ್ಲದ ಆ ಮನೆಗೆ ಹೋಗಿ ಕೂರುವುದು ಸುಖವಾಗಿಯೇ ಇತ್ತು. ಅನ್ನ ಬೇಯುವುದು ಗೊತ್ತಾಗುತ್ತಿತ್ತು. ಅವಳ ತಲೆಯ ಕೊಬ್ಬರಿ ಎಣ್ಣೆ ಗೊತ್ತಾಗುತ್ತಿತ್ತು.

ನಮಗೆ ಮಕ್ಕಳಾಗಲಿಲ್ಲ. ಐದು ವರ್ಷದ ಹಿಂದೆ ಅವಳು ಕಿಡ್ನಿ ಕಾಯಿಲೆಯಿಂದ ಹೋದಳು. ಹೆಚ್ಚು ದಿನ ಮಲಗಲಿಲ್ಲ. ಅದೇ ವರ್ಷ ಕಾರ್ಖಾನೆಯನ್ನು ಮಾಲೀಕರ ಮಕ್ಕಳು ಊರಾಚೆಗೆ ಸಾಗಿಸಿ, ಬತ್ತಿ ಹೊಸೆಯುವುದಕ್ಕೂ ಪುಡಿ ಕಲಸುವುದಕ್ಕೂ ಮಿಷನ್ ಹಾಕಿದರು. ‘ನೀವು ಬನ್ನಿ, ಏನಾದ್ರೂ ನೋಡೋಣ’ ಅಂದರು. ಏನಾದರೂ ನೋಡುವ ಕೆಲಸ ನನಗೆ ಬೇಡ ಅಂದೆ. ಕೈಯಲ್ಲಿದ್ದ ವಿದ್ಯೆಯನ್ನು ಮನೆಯಲ್ಲೇ ಮಾಡೋಣ ಅಂತ ಹೊರಟೆ. ಊದುಬತ್ತಿಗೆ ಕೂಲಿಯಾಳು ಬೇಕು, ಜಾಗ ಬೇಕು. ಸ್ನಾನದ ಪುಡಿಗೆ ಒಬ್ಬ ಸಾಕು.

ಮೊದಲ ಸಲ ಗ್ರಂಥಿಗೆ ಅಂಗಡಿಯಿಂದ ಬೇರು, ಗಡ್ಡೆ, ಒಣ ಹೂವು ಎಲ್ಲ ಕಟ್ಟಿಸಿಕೊಂಡು ಒಂದು ಮೂಟೆ ಲಾವಂಚದ ಜೊತೆ ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಬೀಗ ನಾನೇ ಹಾಕಿದ್ದು, ನಾನೇ ತೆಗೆದೆ. ತೆಗೆದು ಅಲ್ಲೇ ಹೊಸ್ತಿಲ ಹೊರಗೆ ಮೂಟೆ ಹೊತ್ತು ನಿಂತೆ. ಆಮೇಲೆ ಒಳಗೆ ಹೋಗಿ ಹಾಲಿನ ಮಧ್ಯೆ ಇಳಿಸಿದೆ. ಒಂದು ವಾರದಲ್ಲಿ ಗೋಡೆ, ಚಾಪೆ, ಅವಳ ಬೀರು, ಎಲ್ಲವೂ ಲಾವಂಚವಾಯಿತು.

ಪುಡಿ ಮಾಡುವುದು ಸುಮ್ಮನೆ ಅಲ್ಲ. ಹೆಸರುಕಾಳು, ಕಡಲೆಬೇಳೆ ಬಿಸಿಲಿನಲ್ಲಿ ಗಲಗಲ ಅನ್ನಬೇಕು. ಗುಲಾಬಿ ದಳ ಮಾತ್ರ ಬಿಸಿಲು ಕಂಡರೆ ಕಪ್ಪಾಗುತ್ತದೆ, ಅದನ್ನು ನೆರಳಿನಲ್ಲಿ, ಫ್ಯಾನಿನ ಕೆಳಗೆ ಹರಡಬೇಕು. ಕಿತ್ತಳೆ ಸಿಪ್ಪೆ, ಬೇವಿನ ಎಲೆ, ಕಸ್ತೂರಿ ಅರಿಶಿನ, ಕಚೋರ. ತಲೆಗಾದರೆ ಸೀಗೆಕಾಯಿ, ಅಂಟುವಾಳ, ಮೆಂತ್ಯ, ದಾಸವಾಳದ ಎಲೆ. ಹಿಟ್ಟಿನ ಗಿರಣಿಯವನು ಸೀಗೆಕಾಯಿ ಕಂಡರೆ ಮುಖ ತಿರುಗಿಸುತ್ತಾನೆ. ಅದರ ಹಿಂದೆ ಬರುವ ರಾಗಿಯೆಲ್ಲ ಕಹಿಯಾಗುತ್ತದೆ ಅಂತ. ಅದಕ್ಕೇ ಬೇರೆ ಮಿಷನ್ ಇಟ್ಟ ಗಿರಣಿ ಹುಡುಕಬೇಕು. ಅಲ್ಲಿ ಡಬ್ಬ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ನನ್ನನ್ನು ನೋಡಿ, ಮೂಗಿಗೆ ಸೆರಗು ಮುಚ್ಚಿಕೊಂಡೇ ನಗುತ್ತಿದ್ದರು. ‘ಪಾಪ, ಹೆಂಡ್ತಿ ಕಳ್ಸಿದಾಳೆ’ ಎಂದು ಒಬ್ಬಾಕೆ ಅಂದಳು. ‘ನಮ್ಮನೆಯವ್ರೂ ಇದಾರೆ, ಗಿರಣಿ ಎಲ್ಲಿದೆ ಅಂತಾನೂ ಗೊತ್ತಿಲ್ಲ’ ಎಂದು ಇನ್ನೊಬ್ಬಾಕೆ.

ಅಲ್ಲಿಂದ ಶುರುವಾಯಿತು ಅಂತ ಕಾಣುತ್ತದೆ. ಪೊಟ್ಟಣಕ್ಕೆ ಚೀಟಿ ಮುದ್ರಿಸಲು ಹೋದಾಗ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಜಡೆ ಹಾಕಿದ ಹೆಂಗಸಿನ ಚಿತ್ರವೊಂದನ್ನು ಕೂರಿಸಿದ.

‘ಇದ್ಯಾರಪ್ಪ? ಮಾಡೋನು ನಾನು’ ಅಂದೆ.

‘ಗುರು, ನಿಮ್ ಮೀಸೆ ಹಾಕಿದ್ರೆ ಸ್ನಾನದ ಪುಡಿ ಯಾರ್ ತಗೋತಾರೆ? ಶೂ ಪಾಲಿಷ್ ಅನ್ಕೊಂತಾರೆ.’

ಚಿತ್ರ ತೆಗೆಸಿದೆ. ಬರೀ ಅಕ್ಷರ ಸಾಕು ಅಂದೆ. ಆದರೂ ಆಗಲಿಲ್ಲ. ಜೆ.ಪಿ. ನಗರದ ಅಪಾರ್ಟ್‌ಮೆಂಟಿಗೆ ಗೃಹಪ್ರವೇಶದ ರಿಟರ್ನ್ ಗಿಫ್ಟ್ ಅಂತ ಪುಡಿ, ಲಾವಂಚದ ಬೇರು ಸುತ್ತಿದ ಮೈಯುಜ್ಜು, ನಾನೇ ಮಾಡಿದ ಒಂದು ಸೋಪು ಸೇರಿಸಿದ ಡಬ್ಬಿಗಳನ್ನು ಹೊತ್ತುಕೊಂಡು ಹೋದರೆ, ಬಾಗಿಲು ತೆಗೆದ ಮೇಡಂ ಹೇಳಿದ್ದು ಹೀಗೆ: ‘ವಾವ್, ಸಖತ್ತಾಗಿದೆ! ಆಂಟಿಗೆ ತುಂಬಾ ಥ್ಯಾಂಕ್ಸ್ ಹೇಳಿ ಅಂಕಲ್.’ ‘ನಾನೇ ಮಾಡೋದು ಮೇಡಂ’ ಅಂದೆ. ‘ಗೊತ್ತು ಗೊತ್ತು, ಇಬ್ರೂ ಸೇರಿ ಮಾಡ್ತೀರ, ಸೋ ಸ್ವೀಟ್’ ಅಂದರು. ಇಬ್ಬರೂ ಸೇರಿ ಅಂತೆ. ಇದ್ದಿದ್ದರೆ ಅವಳು ಆ ಡಬ್ಬಿಗಳನ್ನೆಲ್ಲ ತಾರಸಿಯಿಂದ ರಸ್ತೆಗೆ ಎಸೆಯುತ್ತಿದ್ದಳು.

ಇವರೆಲ್ಲ ಒಂದು ಕಡೆ, ಜಯನಗರದ ಅಮ್ಮ ಒಂದು ಕಡೆ. ಎಪ್ಪತ್ತರ ಹತ್ತಿರದವರು, ದೊಡ್ಡ ಸಂಸಾರದ ಯಜಮಾನಿ. ಗ್ರಂಥಿಗೆ ಅಂಗಡಿಯಲ್ಲಿ ನನ್ನ ಪುಡಿ ಕೊಂಡು, ಅಂಗಡಿಯವನಿಂದ ನಂಬರ್ ತೆಗೆದುಕೊಂಡು ಫೋನ್ ಮಾಡಿದ್ದರು.

‘ಹಲೋ, ಸ್ನಾನದ ಪುಡಿ ಮಾಡೋರ ಮನೆನಾ? ನಿನ್ ಹೆಂಡ್ತಿಗೆ ಸ್ವಲ್ಪ ಫೋನ್ ಕೊಡಪ್ಪಾ.’

‘ನನಗೇ ಹೇಳಿ ಅಮ್ಮ. ಮಾಡೋದು ನಾನೇ.’

ನಕ್ಕುಬಿಟ್ಟರು. ‘ಆಯ್ತು ಬಿಡಪ್ಪ. ನಮ್ಮನೆಲೂ ಹಂಗೇ, ನಾನು ಹುಳಿ ಮಾಡ್ತೀನಿ, ನಮ್ಮೆಜಮಾನ್ರು ನೆಂಟರ ಮುಂದೆ ನಾವ್ ಮಾಡಿದ್ವಿ ಅಂತಾರೆ. ಅವಳಿಗೆ ಹೇಳು, ಸೀಗೆಪುಡಿ ಚೆನ್ನಾಗಿದೆ, ಮೆಂತ್ಯ ಮಾತ್ರ ಒಂಚೂರು ಕಮ್ಮಿ ಮಾಡ್ಲಿ.’

ಮೆಂತ್ಯ ನಾನು ಕಮ್ಮಿ ಮಾಡಲಿಲ್ಲ. ಮುಂದಿನ ತಿಂಗಳು ಫೋನ್ ಮಾಡಿ, ‘ಈಗ ಸರಿ ಆಯ್ತು ನೋಡು. ಹೇಳಿದ್ದು ಕೇಳ್ತಾಳೆ, ಜಾಣೆ’ ಅಂದರು.

ತಮ್ಮ ಓರಗಿತ್ತಿಯರು, ಬೀಗರು, ದೇವಸ್ಥಾನದ ಗೆಳತಿಯರು, ಎಲ್ಲರ ಮನೆಗೂ ಅವರೇ ನನ್ನ ಪುಡಿಯನ್ನು ದಾಟಿಸಿದರು. ಪುಡಿ ಕೊಡಲು ಹೋದಾಗಲೆಲ್ಲ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಎಲೆ, ಅಡಿಕೆ, ಒಂದು ಬಾಳೆಹಣ್ಣು, ಅರಿಶಿನ ಕುಂಕುಮದ ಪುಟ್ಟ ಪೊಟ್ಟಣ, ಮೇಲೊಂದು ರವಿಕೆ ಕಣ. ‘ಅವಳಿಗೆ ಕೊಡು. ಮುತ್ತೈದೆ ಕೈಯಿಂದ ಬಂದಿದ್ದನ್ನ ಹಾಗೇ ತಗೊಳ್ಬಾರ್ದು.’ ಅವರನ್ನು ನೋಡಿ ಉಳಿದ ಮನೆಯವರೂ ಹಾಗೇ ಕೊಡತೊಡಗಿದರು. ಬೇಡ ಅಂದರೆ ಅಪಶಕುನ ಅಂತಾರೆ. ಬಾಳೆಹಣ್ಣು ತಿಂದೆ. ಕುಂಕುಮವನ್ನು ದೇವರ ಮುಂದಿನ ಬಟ್ಟಲಿಗೆ ಸುರಿದೆ. ರವಿಕೆ ಕಣ ರಾಶಿಯಾಯಿತು.

ಆ ರಾಶಿಗೆ ನಾನೇ ಒಂದು ದಾರಿ ಕಾಣಿಸಿದೆ. ಹೆಂಡತಿಯ ಹೊಲಿಗೆ ಮಿಷನ್ ಮನೆಯಲ್ಲೇ ಇತ್ತು. ಕಣಗಳನ್ನು ಅಂಗೈಯಗಲ ಕತ್ತರಿಸಿ, ಮೂರು ಕಡೆ ಹೊಲಿದು, ಒಳಗೆ ಲಾವಂಚ, ದವನ, ಎರಡು ಲವಂಗ, ಒಂಚೂರು ಕಚೋರ ತುಂಬಿ ಬಾಯಿ ಕಟ್ಟಿದರೆ ಬೀರುವಿನಲ್ಲಿ ಸೀರೆಗಳ ಮಧ್ಯೆ ಇಡುವ ಘಮದ ಚೀಲ. ಸೀಮಂತಕ್ಕೆ, ನಾಮಕರಣಕ್ಕೆ ಜನ ಕೇಳಿ ಕೇಳಿ ಮಾಡಿಸಿಕೊಂಡರು. ಒಂದು ಎಚ್ಚರ ಇಟ್ಟುಕೊಂಡಿದ್ದೆ. ಯಾವ ಮನೆಯವರು ಕೊಟ್ಟ ಕಣವೋ ಅದೇ ಮನೆಗೆ ಚೀಲವಾಗಿ ವಾಪಸ್ ಹೋಗಬಾರದು. ಜಯನಗರದ್ದು ಗಿರಿನಗರಕ್ಕೆ, ಗಿರಿನಗರದ್ದು ಜೆ.ಪಿ. ನಗರಕ್ಕೆ.

ಜಯನಗರದ ಅಮ್ಮ ಪುಡಿ ಬೇಡವಾದಾಗಲೂ ಫೋನ್ ಮಾಡುತ್ತಿದ್ದರು. ಹೆಚ್ಚಾಗಿ ಮಧ್ಯಾಹ್ನ, ಊಟ ಮುಗಿಸಿ ಒರಗಿಕೊಂಡ ಹೊತ್ತಿನಲ್ಲಿ ಇರಬೇಕು. ‘ಏನಪ್ಪಾ, ಊಟ ಮಾಡಿದ್ಲಾ ಅವಳು? ಏನ್ ಅಡುಗೆ ಇವತ್ತು? ತುಂಬಾ ಕೆಲಸ ಮಾಡ್ಸಬೇಡ, ಸೊಂಟ ನೋವು ಬರುತ್ತೆ ಕೂತು ಕೂತು.’ ಆ ಪ್ರಶ್ನೆಗೆ ನಾನು ಉತ್ತರ ಹೇಳಿದವನಲ್ಲ. ‘ನಿಮ್ದು ಆಯ್ತಾ ಅಮ್ಮ?’ ಅಂತ ತಿರುಗಿಸುತ್ತಿದ್ದೆ. ಅವರು ತಮ್ಮ ಮನೆಯ ಅಡುಗೆಗೆ ಹೊರಳುತ್ತಿದ್ದರು. ಪುಡಿ ನಾನೇ ಮಾಡುವುದು ಎಂದು ಮೂರು ನಾಲ್ಕು ಸಲ ಬಿಡಿಸಿ ಹೇಳಿದ್ದೆ. ತಮಾಷೆ ಅಂದುಕೊಂಡರು. ಅವಳು ಇಲ್ಲ ಎಂದು ಹೇಳಿರಲಿಲ್ಲ. ಇದ್ದಾಳೆಯೇ ಎಂದು ಯಾರೂ ಕೇಳಿರಲಿಲ್ಲವಲ್ಲ, ಹೇಗಿದ್ದಾಳೆ ಎಂದೇ ಎಲ್ಲರೂ ಕೇಳುತ್ತಿದ್ದದ್ದು. ಈಚೆಗೆ ಅವಳ ಬಗ್ಗೆ ಕೇಳುವವರು ಬೇರೆ ಯಾರೂ ಇರಲಿಲ್ಲ. ನೆಂಟರು ಮೊದಲ ವರ್ಷ ಕೇಳಿ ಸುಮ್ಮನಾಗಿದ್ದರು.

ಆದರೆ ನನ್ನೊಳಗೆ ಇನ್ನೊಂದು ಕುದಿಯುತ್ತಿತ್ತು. ಅಷ್ಟು ಕೆಲಸ ಮಾಡುತ್ತೇನೆ. ಬೆಳಗ್ಗೆ ಎದ್ದರೆ ಮೊರ, ಜರಡಿ, ಬಿಸಿಲು. ಉಗುರು ಅರಿಶಿನವಾಗಿ ಬಿಳಿಯಾಗುವುದೇ ಇಲ್ಲ. ಅದನ್ನೆಲ್ಲ ತೆಗೆದುಕೊಂಡುಹೋಗಿ ಇಲ್ಲದವಳ ಕೈಯಲ್ಲಿ ಇಡುತ್ತಾರೆ ಎಲ್ಲರೂ. ಈ ಪುಡಿ ನನ್ನ ಕೈಯದು ಎಂದು ಬೇರೆ ಯಾರು ಒಪ್ಪದಿದ್ದರೂ ಜಯನಗರದ ಅಮ್ಮ ಒಪ್ಪಬೇಕು ಎಂದು ನನಗೆ ಹಟ. ಒಪ್ಪಿಸಬೇಕಾದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಹೇಳಿದ ಮೇಲೆ ಹೆಂಗಸಿಲ್ಲದ ಮನೆಯಲ್ಲಿ ಒಬ್ಬ ಗಂಡಸು ಅರೆದ ಪುಡಿಯನ್ನು ಅವರು ಬಾಣಂತಿಯ ಮೈಗೆ, ಮಗುವಿನ ಮೈಗೆ ಹಾಕುತ್ತಾರೋ ಇಲ್ಲವೋ. ಅವರು ಬಿಟ್ಟರೆ ಅವರ ಕಡೆಯ ಮನೆಗಳೆಲ್ಲ ಬಿಟ್ಟ ಹಾಗೆ. ಮಧ್ಯಾಹ್ನದ ಫೋನೂ ಬಿಟ್ಟ ಹಾಗೆ.

ಕಳೆದ ವರ್ಷ ಅವರ ಮಗಳು ಹೆರಿಗೆಗೆ ಬಂದಿದ್ದಳು. ಬಾಣಂತನಕ್ಕೆಲ್ಲ ನನ್ನದೇ ಪುಡಿ. ಮಗುವಿಗೆ ಅಂತ ಬೇರೆಯೇ ಮಾಡಿಕೊಟ್ಟೆ, ಬಟ್ಟೆಯಲ್ಲಿ ಎರಡು ಸಲ ಸೋಸಿ, ಕೆನ್ನೆಗೆ ಒತ್ತಿ ನೋಡಿಕೊಂಡು. ಬಾಣಂತನ ಮುಗಿದು ಮಗಳು ಗಂಡನ ಮನೆಗೆ ಹೊರಡುವ ಮುಂಚೆ ಅಮ್ಮನ ಫೋನ್ ಬಂತು.

‘ನೋಡಪ್ಪಾ, ಮಗುಗೆ ಒಂದು ಗುಳ್ಳೆ ಏಳ್ಲಿಲ್ಲ. ಮೈ ಬೆಣ್ಣೆ ಹಂಗಿದೆ. ನಿನ್ ಹೆಂಡ್ತಿಗೆ ಒಂದು ಸೀರೆ ತಂದಿದೀನಿ. ಭಾನುವಾರ ಬರ್ತೀವಿ ನಿಮ್ಮನೆಗೆ.’

‘ನೀವ್ಯಾಕಮ್ಮ ಮೆಟ್ಲು ಹತ್ತೋದು? ನಾನೇ ಬರ್ತೀನಿ.’

‘ನೀನು ಬಂದು ಏನ್ ಮಾಡ್ತೀಯ? ಸೀರೆ ಉಡೋನು ನೀನಾ?’ ಎಂದು ನಕ್ಕರು. ‘ಇಷ್ಟು ದಿನ ಆಯ್ತು, ಅವಳ ಮುಖಾನೇ ನೋಡಿಲ್ಲ. ಕುಂಕುಮ ಕೊಡೋದನ್ನ ಅವರ ಮನೆಗೇ ಹೋಗಿ ಕೊಡ್ಬೇಕು ಕಣಪ್ಪಾ. ಅಡ್ರೆಸ್ ಹೇಳು, ಸೊಸೆ ಬರ್ಕೋತಾಳೆ.’

ಅಡ್ರೆಸ್ ಹೇಳಿದೆ. ಅವಳಿಲ್ಲ ಎಂದು ಫೋನಿನಲ್ಲೇ ಹೇಳಿಬಿಡಬಹುದಿತ್ತು. ನನಗೆ ಮನಸ್ಸಾಗಲಿಲ್ಲ. ಇಷ್ಟು ವರ್ಷ ಜೊತೆಗಿದ್ದವಳ ಸಾವನ್ನು ಅಡ್ರೆಸ್ ಹೇಳುವ ಮಧ್ಯೆ ಹೇಳುವುದು ನನಗೆ ಆಗದು. ಬರಲಿ, ಎದುರಿಗೆ ಹೇಳುತ್ತೇನೆ ಅಂದುಕೊಂಡೆ.

ಭಾನುವಾರ ಬೆಳಗ್ಗೆಯೇ ಮನೆ ಗುಡಿಸಿ ಒರೆಸಿದೆ. ಮೊರಗಳನ್ನು ಗೋಡೆಗೆ ಒರಗಿಸಿದೆ. ಸೋಪು ಒಣಗಲು ಇಟ್ಟ ಹಲಗೆಯ ಮೇಲೆ ಬಟ್ಟೆ ಮುಚ್ಚಿದೆ. ಹೆಂಡತಿಯ ಫೋಟೋ ಗೋಡೆಯ ಮೇಲೆ, ಹಾರ ಹಾಕಿದ್ದು, ಬಾಗಿಲಿಗೆ ಎದುರಾಗಿಯೇ ಇದೆ. ತೆಗೆಯಲಿಲ್ಲ. ಆದರೆ ಫೋಟೋ ನೋಡಿ ಅವರಿಗೆ ಗೊತ್ತಾಗಬಾರದು, ನನ್ನ ಬಾಯಿಂದ ಗೊತ್ತಾಗಬೇಕು. ಹಾಗಾಗಿ ಬಾಗಿಲು ಮುಂದಕ್ಕೆ ಹಾಕಿ ತಾರಸಿಯಲ್ಲೇ ಕಾದೆ.

ಅಮ್ಮ ಮೆಟ್ಟಿಲು ಹತ್ತಿ ಬಂದರು, ಒಂದೊಂದು ಮೆಟ್ಟಿಲಿಗೂ ನಿಂತು, ಏದುಸಿರು ಬಿಡುತ್ತ. ಹಿಂದೆ ಅವರ ಸೊಸೆ, ಆಫೀಸಿಗೆ ಹೋಗುವ ಹುಡುಗಿ, ಕೈಯಲ್ಲಿ ಸ್ಟೀಲ್ ತಟ್ಟೆ ಇದ್ದ ಬುಟ್ಟಿ.

‘ಅಬ್ಬಾ, ಏನ್ ಮಹಡಿನಪ್ಪಾ! ಎಲ್ಲಿ ಅವಳು?’ ಎಂದು ಚಪ್ಪಲಿ ಬಿಡಲು ಗೋಡೆ ಹಿಡಿದರು.

‘ಅಮ್ಮ, ಒಳಗೆ ಬರೋಕೆ ಮುಂಚೆ ಒಂದು ಮಾತು’ ಅಂದೆ. ‘ನನ್ ಹೆಂಡ್ತಿ ತೀರಿಕೊಂಡು ನಾಲ್ಕು ವರ್ಷ ಆಯ್ತು. ಪುಡಿ ಮೊದಲಿಂದಲೂ ನಾನೇ ಮಾಡೋದು. ನಿಮ್ಗೆ ಹೇಳ್ತಾನೇ ಇದ್ದೆ.’

ಒಂದು ಚಪ್ಪಲಿ ಕಾಲಲ್ಲಿ, ಒಂದು ಹೊರಗೆ. ಹಾಗೇ ನಿಂತರು. ಸೊಸೆ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು.

‘ನಾಲ್ಕು ವರ್ಷ?’ ಅಂದರು.

‘ಹೌದಮ್ಮ.’

‘ಮಗುವಿಂದೂ?’

‘ಮಗುವಿಂದೂ ನಾನೇ.’

ನನ್ನ ಕೈ ನೋಡಿದರು. ಉಗುರು ನೋಡಿದರು. ಆಮೇಲೆ ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದು, ಕುರ್ಚಿಯ ಮೇಲೆ ಕೂತು, ಫೋಟೋ ನೋಡಿದರು. ‘ಲಕ್ಷಣವಾಗಿದಾಳೆ’ ಅಂದರು. ಎಷ್ಟೋ ದಿನದ ಮೇಲೆ ಈ ಮನೆಗೆ ಹೆಂಗಸರ ಬಳೆ ಸದ್ದು ಬಂದಿತ್ತು. ನೀರು ಕೊಟ್ಟೆ, ಕುಡಿದರು. ‘ಒಬ್ನೇ ಇದೀಯ?’ ಎಂದು ಕೇಳಿ, ನಾನು ಉತ್ತರಿಸುವ ಮುಂಚೆಯೇ, ‘ಮೊದ್ಲೇ ಹೇಳ್ಬಾರ್ದಾಗಿತ್ತಾ ಕಂದಾ’ ಅಂದರು. ಕೋಪ ಇರಲಿಲ್ಲ. ಕೋಪ ಬಂದಿದ್ದರೆ ನನಗೂ ಒಂದು ಮಾತು ಆಡಲು ಬರುತ್ತಿತ್ತು.

ಸೊಸೆ ಹಲಗೆಯ ಮೇಲಿನ ಬಟ್ಟೆ ಎತ್ತಿ ಸೋಪುಗಳನ್ನು ನೋಡಿದಳು. ‘ಅತ್ತೆ, ನೋಡಿ, ಎಷ್ಟು ನೀಟಾಗಿ ಇಟ್ಕೊಂಡಿದಾರೆ. ಯಾರ್ ಮಾಡಿದ್ರೆ ಏನು? ಆ ಸೀರೆ ಬದಲು ಅಂಕಲ್‌ಗೆ ಒಂದು ಪಂಚೆ ಶಲ್ಯ ತಂದ್ಕೊಡೋಣ.’

‘ತರೋಣ. ಅದು ಬೇರೆ. ಇದೇನ್ ಮಾಡೋದು ಈಗ?’ ಎಂದು ಅಮ್ಮ ಬುಟ್ಟಿಯ ಕಡೆ ನೋಡಿದರು. ಹಸಿರು ಸೀರೆ, ಅದರ ಮೇಲೆ ತೆಂಗಿನಕಾಯಿ, ಹೂವು, ಬಳೆ. ‘ಮುತ್ತೈದೆಗೆ ಅಂತ ಸಂಕಲ್ಪ ಮಾಡಿ ದೇವರ ಮುಂದೆ ಇಟ್ಟು ತಂದಿದೀನಿ. ಬಾಣಂತಿ, ಮಗು ಹೆಸರಲ್ಲಿ. ಹಂಗೇ ಹೊತ್ಕೊಂಡ್ ಹೋಗಬಾರದು. ಇಲ್ಲೇ ಕೊಟ್ಟು ಹೋಗ್ಬೇಕು.’

ಯಾರಿಗೆ ಕೊಡುವುದು? ನಾನು ಕೈ ಚಾಚಲಾರೆ, ಅವರು ನನ್ನ ಕೈಗೆ ಇಡಲಾರರು. ಅಷ್ಟರಲ್ಲಿ ಕೆಳಗಿನಿಂದ ಓನರಮ್ಮನ ಗಂಟಲು ಕೇಳಿಸಿತು. ನೀರಿನ ಮೋಟರು ಹಾಕಿದ್ದು ಯಾರು ಅಂತ.

‘ಅದ್ಯಾರು?’ ಎಂದರು ಅಮ್ಮ.

‘ಮನೆ ಓನರು.’

‘ಯಜಮಾನ್ರು ಇದಾರಾ ಅವ್ರಿಗೆ?’

‘ಇದಾರೆ.’

‘ಕರಿ.’

ಕರೆದೆ. ಬಂದಳು. ಇವಳು ಯಾರು ಅಂತ ಹೇಳಬೇಕು. ನಾನು ಕೊಬ್ಬರಿ ಎಣ್ಣೆಯಲ್ಲಿ ಬೇವು ಕಾಯಿಸಿದ ದಿನವೆಲ್ಲ ಮೆಟ್ಟಿಲ ಕೆಳಗೆ ನಿಂತು, ‘ಏನಣ್ಣಾ, ಹೆಣ ಸುಡ್ತಿದೀರಾ ಮೇಲೆ?’ ಎಂದು ಕೂಗುವವಳು. ನನ್ನ ಲಾವಂಚದ ಮಣ್ಣು ಅವಳ ತುಳಸಿಕಟ್ಟೆಗೆ ಬೀಳುತ್ತದೆ ಅಂತ ಎಷ್ಟೋ ಸಲ ಜಗಳ ತೆಗೆದವಳು. ನನ್ನ ಪುಡಿಯನ್ನು ಒಂದು ದಿನವೂ ಕೊಂಡವಳಲ್ಲ, ಪುಕ್ಕಟೆ ಕೊಟ್ಟರೆ ಬೇಡ ಅಂದವಳೂ ಅಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ‘ಅಯ್ಯೋ, ನಂಗ್ಯಾಕಮ್ಮ? ನಾನೇನ್ ಮಾಡಿದೀನಿ? ಕುಟ್ಟೋದು ಬೀಸೋದು ಎಲ್ಲಾ ಈ ಅಣ್ಣಾನೇ. ನಾನು ಬೈಯೋದೊಂದೇ ಮಾಡೋದು’ ಅಂದಳು.

‘ಮಾಡಿದ್ದಕ್ಕಲ್ಲ ಕಣಮ್ಮ. ಈ ಮನೆ ನಿಂದಲ್ವಾ? ಕೂತ್ಕೋ, ಪೂರ್ವಕ್ಕೆ ಮುಖ ಮಾಡು.’

ನನ್ನ ಮನೆಯಲ್ಲಿರುವ ಇನ್ನೊಂದು ಕುರ್ಚಿಯನ್ನು ಸೊಸೆ ತಂದು ಹಾಲಿನ ಮಧ್ಯೆ ಹಾಕಿದಳು. ಓನರಮ್ಮ ನೈಟಿಯ ಮೇಲೆ ಟವಲು ಹೊದ್ದು ಕೂತಳು. ಅಮ್ಮ ಅವಳ ಕೆನ್ನೆಗೆ ಅರಿಶಿನ ಹಚ್ಚಿದರು, ಹಣೆಗೆ ಕುಂಕುಮ ಇಟ್ಟರು, ಹೂವು ಮುಡಿಸಿದರು, ಮಡಿಲಿಗೆ ಕಾಯಿ, ಸೀರೆ, ಬಳೆ ಇಟ್ಟರು. ‘ನಿನ್ ಕೈಗುಣ ಚೆನ್ನಾಗಿದೆಯಮ್ಮ, ನಮ್ಮ ಕೂಸು ಚೆನ್ನಾಗಿದೆ’ ಎಂದು ಅಭ್ಯಾಸಬಲದಲ್ಲಿ ಹೇಳಿಬಿಟ್ಟರು. ಓನರಮ್ಮ ನನ್ನ ಕಡೆ ನೋಡಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಖಾಲಿ ಲೋಟ ಹಿಡಿದು ನಿಂತಿದ್ದೆ. ಅವಳ ಕಣ್ಣಿನಲ್ಲಿ ನಗು ಇತ್ತು. ನನ್ನ ಮುಖ ಕಂಡ ಮೇಲೆ ತಲೆ ತಗ್ಗಿಸಿದಳು.

ಹೊರಡುವಾಗ ಅಮ್ಮ ನನ್ನ ಎದುರಿಗೆ ನಿಂತು, ‘ನೀವು ಮಾಡಿದ್ದು ತುಂಬಾ ಚೆನ್ನಾಗಿತ್ತು’ ಅಂದರು. ಅದುವರೆಗೆ ನೀನು ಎನ್ನುತ್ತಿದ್ದವರು. ಆ ಮಾತಿಗಾಗಿ ನಾನು ಮೂರು ವರ್ಷ ಕಾದಿದ್ದೆ. ಅವರು ಮೆಟ್ಟಿಲು ಇಳಿದು ಹೋದ ಮೇಲೆ ಕುರ್ಚಿಯನ್ನು ಅದರ ಜಾಗಕ್ಕೆ ಇಟ್ಟು, ನೆಲಕ್ಕೆ ಬಿದ್ದ ಅರಿಶಿನ ಒರೆಸಿದೆ.

ಪುಡಿ ನಿಲ್ಲುತ್ತದೆ ಎಂದು ಹೆದರಿದ್ದೆ. ನಿಲ್ಲಲಿಲ್ಲ. ಅವರ ಕಡೆಯ ಕೆಲವು ಮನೆಗಳು ಬಿಟ್ಟವು, ನಿಜ. ‘ಸದ್ಯಕ್ಕೆ ಇದೆ, ಬೇಕಾದಾಗ ಹೇಳ್ತೀವಿ’ ಅಂದರು. ನಾನು ಎರಡನೇ ಸಲ ಕೇಳಲಿಲ್ಲ. ಆದರೆ ಆ ಸೊಸೆ ತನ್ನ ಆಫೀಸಿನವರಿಗೆ, ವಾಟ್ಸಾಪಿನ ಗುಂಪುಗಳಿಗೆ ನನ್ನ ಮೊರಗಳ ಫೋಟೋ ಹಾಕಿ, ‘ಅಂಕಲ್ ಒಬ್ರೇ ಮಾಡ್ತಾರೆ, ಎಲ್ಲಾ ಮನೇಲೇ, ಕೈಯಲ್ಲೇ’ ಎಂದು ಬರೆದಳು. ಬಿ.ಟಿ.ಎಂ. ಲೇಔಟಿನಲ್ಲಿ ರೂಮು ಮಾಡಿಕೊಂಡಿರುವ ಉತ್ತರ ಕರ್ನಾಟಕದ ಹುಡುಗಿಯರು ಬಂದು ಕೊಂಡು ಹೋಗುತ್ತಾರೆ. ‘ಅಂಕಲ್, ನಮ್ಮ ಅವ್ವ ಮಾಡಿದಂಗ ಐತ್ರಿ’ ಅಂದಳು ಒಬ್ಬಳು. ಈಗ ಯಾರೂ ಆಂಟಿಗೆ ಥ್ಯಾಂಕ್ಸ್ ಹೇಳಿ ಅನ್ನುವುದಿಲ್ಲ. ಬೇಕಾಗಿದ್ದದ್ದು ಸಿಕ್ಕಿತು. ಇಲ್ಲ ಅನ್ನಲಾರೆ.

ಪಂಚೆ ಶಲ್ಯವನ್ನು ಡೆಲಿವರಿ ಹುಡುಗನ ಕೈಯಲ್ಲಿ ಕಳಿಸಿಕೊಟ್ಟರು. ಒಳ್ಳೆಯ ಪಂಚೆ, ಅಂಚು ಅಗಲವಾಗಿದೆ. ರವಿಕೆ ಕಣ ಬರುವುದು ನಿಂತುಹೋಯಿತು, ಹೆಂಗಸಿಲ್ಲದ ಮನೆಗೆ ಯಾರು ಕೊಡುತ್ತಾರೆ? ಘಮದ ಚೀಲಕ್ಕೆ ಈಗ ಬಟ್ಟೆಯನ್ನು ಜಯನಗರದ ಮಾರ್ಕೆಟ್ಟಿನಲ್ಲಿ ತುಂಡು ಲೆಕ್ಕದಲ್ಲಿ ಕೊಂಡು ತರುತ್ತೇನೆ. ಎಲ್ಲವೂ ಒಂದೇ ಬಣ್ಣ ಸಿಗುವುದರಿಂದ ನೋಡಲು ಚೆನ್ನಾಗಿಯೇ ಇರುತ್ತದೆ.

ಜಯನಗರದ ಅಮ್ಮ ಈಗಲೂ ಪುಡಿ ತರಿಸುತ್ತಾರೆ. ಫೋನ್ ಮಾಡುತ್ತಾರೆ, ಬೆಳಗ್ಗೆಯ ಹೊತ್ತು. ‘ನಮಸ್ಕಾರ. ಸೀಗೆಪುಡಿ ಎರಡು, ಮೈಪುಡಿ ಒಂದು. ಯಾವಾಗ ಆಗುತ್ತೆ ಹೇಳಿ, ಡ್ರೈವರ್ ಬರ್ತಾನೆ.’ ಹೇಳುತ್ತೇನೆ. ‘ಆಯ್ತು’ ಅನ್ನುತ್ತಾರೆ. ಒಂದು ಸಲ ನಾನೇ, ‘ಊಟ ಆಯ್ತಾ ಅಮ್ಮ?’ ಎಂದೆ. ಬೆಳಗ್ಗೆ ಒಂಬತ್ತು ಗಂಟೆ. ‘ಇನ್ನೂ ತಿಂಡಿ’ ಅಂದರು. ಆದರೂ ಫೋನ್ ಇಡಲಿಲ್ಲ. ಅವರು ಏನೋ ಕೇಳಬೇಕು ಅಂದುಕೊಂಡ ಹಾಗಿತ್ತು. ಯಾರ ಬಗ್ಗೆ ಅಂತ ಕೇಳುತ್ತಾರೆ? ನನ್ನನ್ನೇ ಊಟ ಮಾಡಿದೆಯಾ ಎಂದು ಕೇಳುವ ಸಲಿಗೆ ಆ ಭಾನುವಾರ ಮೆಟ್ಟಿಲಿಳಿದು ಹೋಗಿತ್ತು. ‘ಇಡ್ತೀನಿ’ ಅಂದರು.

ಆಮೇಲೆ ಎದ್ದು ಗುಲಾಬಿ ದಳ ಮಗುಚಿದೆ. ಕೆಲಸ ಯಾವತ್ತೂ ನಿಂತಿಲ್ಲ. ಗೌರಿ ಹಬ್ಬಕ್ಕೆ ಆರ್ಡರ್ ಇದೆ, ದೀಪಾವಳಿಯ ಎಣ್ಣೆ ಸ್ನಾನಕ್ಕೆ ಎಣ್ಣೆ, ಪುಡಿ, ಮೈಯುಜ್ಜು ಸೇರಿಸಿ ಡಬ್ಬಿ ಮಾಡಿಕೊಡಿ ಅಂತ ಈಗಿನಿಂದಲೇ ಕೇಳಿದ್ದಾರೆ. ಮಾಡಿಕೊಡುತ್ತೇನೆ.

ಈ ಹೊತ್ತಿಗೆ ನನ್ನಲ್ಲಿರುವುದು: ಜರಡಿ ಮೂರು. ಮೊರ ಎಂಟು. ಮಿಕ್ಸಿ ಒಂದು, ಒರಳು ಒಂದು. ಹಲಗೆಯ ಮೇಲೆ ಒಣಗುತ್ತಿರುವ ಸೋಪು ಅರವತ್ತು. ಕಟ್ಟಿಟ್ಟ ಸೀಗೆಪುಡಿ ಇಪ್ಪತ್ತೈದು ಪೊಟ್ಟಣ, ಮೈಪುಡಿ ಮೂವತ್ತು. ಲಾವಂಚ ಅರ್ಧ ಮೂಟೆ. ತಪ್ಪದೆ ಕೊಳ್ಳುವ ಮನೆಗಳು ಹತ್ತೊಂಬತ್ತು, ಮಾಡುವವನು ನಾನೇ ಎಂದು ಗೊತ್ತಿರುವ ಮನೆಗಳೂ ಹತ್ತೊಂಬತ್ತು. ಈ ಮನೆಯಲ್ಲಿ ಇರುವವರು ಒಬ್ಬರು.